ನೈಸ್ ಅನ್ನೋ ದಡ್ಡನ ಕಥೆ

ಕೆಲಸಕ್ಕೆ ಸೇರಿದ ಹೊಸತು. ನಾನು ಬರೆದ ಕೋಡನ್ನು ಇಂಗ್ಲೆಂಡಿನಲ್ಲಿ ಕೂತಿದ್ದ ಹಿರಿಯರೊಬ್ಬರು ರಿವ್ಯೂ ಮಾಡುತ್ತಿದ್ದರು. ಗಿರಾಕಿ ತಾನಾಗಿಯೇ ಕ್ಯಾನ್ಸಲ್ ಮಾಡಿದ ಆರ್ಡರು, ದುಡ್ಡು ಕಟ್ಟದೆ ಗಡುವು ಮುಗಿದು ಕ್ಯಾನ್ಸಲ್ ಆದ ಆರ್ಡರು, ಇವೆರಡನ್ನೂ ಬೇರೆ ಬೇರೆ ದಾರಿಯಲ್ಲಿ ಸಾಗಿಸುವ ಹಾಗೆ ನಾನು ಬರೆದಿದ್ದೆ. ಅದರ ಪಕ್ಕದಲ್ಲಿ ಅವರದೊಂದು ಕಾಮೆಂಟು: ಇದೊಂದು ನೈಸ್ ಡಿಸ್ಟಿಂಕ್ಷನ್.

ನನ್ನ ಖುಷಿ ಕೇಳಬೇಡಿ. ನೈಸ್ ಅಂದರೆ ಚೆನ್ನಾಗಿದೆ. ಇನ್ನು ಡಿಸ್ಟಿಂಕ್ಷನ್ ಅಂದರೆ ನಮಗೆಲ್ಲ ಗೊತ್ತಿರೋದೇ, ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿಗಿಂತ ಮೇಲೆ ಬರುತ್ತಲ್ಲ, ಅದು! ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದ ಹುಡುಗನಿಗೆ ಇಂಗ್ಲೆಂಡಿನವರು ಡಿಸ್ಟಿಂಕ್ಷನ್ ಕೊಟ್ಟರು ಅಂತ ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿಯೂ ಹೇಳಿದೆ. ಕೋಡನ್ನು ಹಾಗೇ ಬಿಟ್ಟೆ.

ಹತ್ತು ದಿನ ಕಳೆದ ಮೇಲೆ, ಒಂದು ದಾರಿಯ ಆರ್ಡರುಗಳು ಇನ್ನೊಂದು ದಾರಿಗೆ ನುಗ್ಗಿ ಎಲ್ಲಾ ಕಲಸುಮೇಲೋಗರ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯ್ತು. ಸೋಮವಾರ ಅವರು ಬಹಳ ಸೌಮ್ಯವಾಗಿ ಕೇಳಿದರು, "ನಾನು ಮೊದಲೇ ಎಚ್ಚರಿಸಿದ್ದೆನಲ್ಲ?" ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ದೊಡ್ಡ ಡಿಕ್ಷನರಿ ತೆಗೆದು ನೋಡಿದಾಗ ಗೊತ್ತಾಯ್ತು. ನೈಸ್ ಡಿಸ್ಟಿಂಕ್ಷನ್ ಅಂದರೆ ಕೂದಲೆಳೆಯಷ್ಟು ತೆಳುವಾದ ವ್ಯತ್ಯಾಸ. ಅಂದರೆ ಅವರು ಹೇಳಿದ್ದು, "ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ಇಷ್ಟು ದೊಡ್ಡ ಗೋಡೆ ಕಟ್ಟಿದ್ದೀಯ, ನಿಲ್ಲುತ್ತಾ ನೋಡಿಕೋ" ಅಂತ. ನಾನು ಅದನ್ನು ಅಮ್ಮನಿಗೆ ಹೇಳಿ ಪಾಯಸ ಮಾಡಿಸೋದೊಂದು ಬಾಕಿ ಇತ್ತು :-)

ಅವತ್ತಿನಿಂದ ಈ ಮೂರು ಕಾಸಿನ ಪದದ ಬೆನ್ನು ಹತ್ತಿದ್ದೇನೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಹರವಿಡುತ್ತೇನೆ.

ಮೊದಲು ಹುಟ್ಟು. ಲ್ಯಾಟಿನ್ನಿನಲ್ಲಿ 'ಸ್ಕೀರೆ' ಅಂದರೆ ತಿಳಿಯುವುದು. ಅದಕ್ಕೆ 'ನೆ' ಅನ್ನೋ ಇಲ್ಲವಾಚಕ ಸೇರಿಸಿದರೆ 'ನೆಸ್ಕಿಯುಸ್', ಅಂದರೆ ತಿಳಿಯದವನು, ಅಜ್ಞ. ಇದೇ 'ಸ್ಕೀರೆ'ಯಿಂದ ಹುಟ್ಟಿದ ಇನ್ನೊಂದು ಪದ ಸೈನ್ಸ್. ಸೈನ್ಸ್ ಮತ್ತು ನೈಸ್ ಒಂದೇ ಮನೆಯ ದಾಯಾದಿಗಳು ಅಂದರೆ ನಂಬ್ತೀರಾ? ಒಬ್ಬ ತಿಳಿದವರ ಕಡೆ, ಇನ್ನೊಬ್ಬ ತಿಳಿಯದವರ ಕಡೆ.

ಲ್ಯಾಟಿನ್ನಿನ ನೆಸ್ಕಿಯುಸ್ ಹಳೆಯ ಫ್ರೆಂಚಿಗೆ ಬರುವಷ್ಟರಲ್ಲಿ ಸವೆದು 'ನಿಸ್' ಆಗಿತ್ತು. ಅಲ್ಲಿ ಅದಕ್ಕೆ ದಡ್ಡ, ಪೆದ್ದು, ಕೈಲಾಗದವ ಅನ್ನೋ ಅರ್ಥಗಳು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆ, ಕೋರ್ಟು ಎಲ್ಲಾ ಕಡೆ ಫ್ರೆಂಚಿನ ದರ್ಬಾರು ಶುರುವಾಯ್ತು. ಇಂಗ್ಲೆಂಡಿನ ಕೋರ್ಟುಗಳಲ್ಲಿ ಇಂಗ್ಲಿಷಿನಲ್ಲಿ ವಾದ ಮಾಡಬೇಕು ಅಂತ ಕಾನೂನಾಗೋಕೆ 1362ರವರೆಗೆ ಕಾಯಬೇಕಾಯ್ತು! ಆ ಮಧ್ಯದ ಮುನ್ನೂರು ವರ್ಷಗಳಲ್ಲಿ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿನೊಳಗೆ ಬಂದು ಕೂತವು. ಸುಮಾರು 1300ರ ಹೊತ್ತಿಗೆ ನಮ್ಮ ಕಥಾನಾಯಕನೂ ಬಂದ. ಆಗ ಅವನ ಹೆಸರನ್ನು ಹೆಚ್ಚೂಕಡಿಮೆ 'ನೀಸ್' ಅಂತ ಉಚ್ಚರಿಸುತ್ತಿದ್ದರು. ಮುಂದೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದಾಗ 'ನೀಸ್' ಹೋಗಿ 'ನೈಸ್' ಆಯ್ತು.

ಹದಿನಾಲ್ಕನೇ ಶತಮಾನದ ಚಾಸರ್ ಕವಿಯ ಕ್ಯಾಂಟರ್‌ಬರಿ ಕಥೆಗಳಲ್ಲಿ ಸಂತ ಸಿಸೀಲಿಯಾಳ ಕಥೆಯೊಂದಿದೆ. ರೋಮನ್ ಅಧಿಕಾರಿಯ ಮುಂದೆ ನಿಂತ ಸಿಸೀಲಿಯಾ ಹೆದರುವುದಿಲ್ಲ. ನೀನು ಬಾಯಿ ಬಿಟ್ಟಾಗೆಲ್ಲ ನಿನ್ನ ದಡ್ಡತನ ಕಾಣ್ತಾ ಇದೆ ಅಂತ ಅವನ ಮುಖಕ್ಕೇ ಹೇಳುತ್ತಾಳೆ. ಆ ದಡ್ಡತನಕ್ಕೆ ಚಾಸರ್ ಬಳಸಿದ ಪದವೇ 'ನೈಸಿಟಿ'ಯ ಹಳೇ ರೂಪ. ಅಂದರೆ ಆ ಕಾಲದಲ್ಲಿ ಯಾರಿಗಾದರೂ ನೀವು ಬಹಳ ನೈಸ್ ಅಂದಿದ್ದರೆ ಕಪಾಳಕ್ಕೆ ಬೀಳುತ್ತಿತ್ತು.

ಹಾಗಾದರೆ ದಡ್ಡ ಅನ್ನೋ ಪದ ಒಳ್ಳೆಯವನಾಗಿದ್ದು ಹೇಗೆ? ಒಂದೇ ದಿನದಲ್ಲಿ ಆಗಿದ್ದಲ್ಲ. ಪದಗಳು ಕುಪ್ಪಳಿಸೋದಿಲ್ಲ, ಪಕ್ಕದ ಮನೆಗೆ ಮಾತ್ರ ಹೋಗುತ್ತವೆ. ಆದರೆ ಪಕ್ಕದ ಮನೆಯಿಂದ ಅದರ ಪಕ್ಕದ ಮನೆಗೆ ಅಂತ ಹೋಗ್ತಾ ಹೋಗ್ತಾ ಊರನ್ನೇ ದಾಟಿಬಿಡುತ್ತವೆ. ನೈಸ್ ಹೋದ ದಾರಿ ಹೀಗಿದೆ ನೋಡಿ.

ದಡ್ಡನಾದವನು ದಡ್ಡ ಕೆಲಸಗಳನ್ನು ಮಾಡುತ್ತಾನೆ. ಹಾಗಾಗಿ ಸುಮ್ಮನೆ ಶೋಕಿ ಮಾಡೋನು, ಚೆಲ್ಲುಚೆಲ್ಲಾಗಿ ಆಡೋನು ಕೂಡ ನೈಸ್ ಅನ್ನಿಸಿಕೊಂಡ. ಇದು ಒಂದು ಕವಲು. ಇನ್ನೊಂದು ಕವಲಿನಲ್ಲಿ, ಏನೂ ತಿಳಿಯದವನು ಸಂಕೋಚದ ಮುದ್ದೆಯಾಗಿರುತ್ತಾನೆ, ಹಿಂಜರಿಯುತ್ತಾನೆ. ಹಿಂಜರಿಯುವವನು ಅದು ಬೇಡ ಇದು ಬೇಡ ಅಂತ ಮೂಗು ಮುರಿಯುತ್ತಾನೆ. ಹಾಗಾಗಿ ಹದಿನಾಲ್ಕನೇ ಶತಮಾನ ಮುಗಿಯುವಷ್ಟರಲ್ಲಿ ನೈಸ್ ಅಂದರೆ ಅತಿ ಮಡಿಯವನು, ಎಲ್ಲದರಲ್ಲೂ ಕೊಂಕು ಹುಡುಕೋನು ಅನ್ನೋ ಅರ್ಥ ಬಂತು. ಕೊಂಕು ಹುಡುಕೋನಿಗೆ ಸಣ್ಣ ಸಣ್ಣ ವ್ಯತ್ಯಾಸಗಳು ಕಾಣಿಸುತ್ತವೆ ತಾನೇ? ಹದಿನಾರನೇ ಶತಮಾನದಲ್ಲಿ ಅದೇ ನಿಖರ, ಸೂಕ್ಷ್ಮ, ಕರಾರುವಾಕ್ಕು ಅನ್ನೋ ಅರ್ಥವಾಯ್ತು. ಸೂಕ್ಷ್ಮವಾದ ಅಭಿರುಚಿ ಇದ್ದವನಿಗೆ ಸೂಕ್ಷ್ಮವಾದ, ನವಿರಾದ ವಸ್ತುಗಳೇ ಹಿಡಿಸುತ್ತವೆ. ಹಾಗೆ ಹಿಡಿಸಿದ ವಸ್ತುವೇ ಕೊನೆಗೆ ನೈಸ್ ಆಯ್ತು. ಹದಿನೆಂಟನೇ ಶತಮಾನದ ನಡುಭಾಗದಿಂದ ನೈಸ್ ಅಂದರೆ ಹಿತವಾದದ್ದು ಅನ್ನೋ ಇಂದಿನ ಅರ್ಥ ಕಾಣಿಸಿಕೊಳ್ಳುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಒಳ್ಳೆಯ ಮನಸ್ಸಿನವನು ಅನ್ನೋ ಅರ್ಥವೂ ಸೇರಿತು. ಅಜ್ಞಾನದಿಂದ ಸಜ್ಜನಿಕೆಗೆ ಸುಮಾರು ಐನೂರು ವರ್ಷದ ಪ್ರಯಾಣ.

ತಮಾಷೆ ಏನಂದರೆ ಹೊಸ ಅರ್ಥ ಬಂತು ಅಂತ ಹಳೆಯದು ಗಂಟುಮೂಟೆ ಕಟ್ಟಿಕೊಂಡು ಹೋಗಲಿಲ್ಲ. ಎಲ್ಲವೂ ಒಂದೇ ವಠಾರದಲ್ಲಿ ಬಾಡಿಗೆಗಿದ್ದವು. ಹದಿನಾರು, ಹದಿನೇಳನೇ ಶತಮಾನದ ಎಷ್ಟೋ ಬರಹಗಳಲ್ಲಿ ಈ ಪದ ಯಾವ ಅರ್ಥದಲ್ಲಿ ಬಂದಿದೆ ಅಂತ ಹೇಳೋದೇ ಕಷ್ಟ ಅಂತ ಆಕ್ಸ್‌ಫರ್ಡ್ ನಿಘಂಟಿನವರೇ ಕೈಚೆಲ್ಲಿದ್ದಾರೆ. ಹಾಗಿರುವಾಗ ನಾನು ಬೇಸ್ತು ಬಿದ್ದಿದ್ದು ದೊಡ್ಡದಲ್ಲ ಬಿಡಿ.

ಕೆಲವು ಉದಾಹರಣೆ ನೋಡಿ. ಷೇಕ್ಸ್‌ಪಿಯರ್ 1590ರ ದಶಕದಲ್ಲಿ ಬರೆದ ರೋಮಿಯೋ ಜೂಲಿಯೆಟ್ ನಾಟಕ. ಜೂಲಿಯೆಟ್ ನಿಜವಾಗಿ ಸತ್ತಿಲ್ಲ, ಮದ್ದು ಕುಡಿದು ಮಲಗಿದ್ದಾಳೆ ಅಂತ ರೋಮಿಯೋಗೆ ತಿಳಿಸೋಕೆ ಪಾದ್ರಿ ಲಾರೆನ್ಸ್ ಕಾಗದ ಕಳಿಸಿರುತ್ತಾನೆ. ಕಾಗದ ಒಯ್ಯಬೇಕಾದವನು ಪ್ಲೇಗಿನ ಅನುಮಾನದಿಂದ ಒಂದು ಮನೆಯಲ್ಲಿ ಬಂದಿಯಾಗಿ, ತಲುಪಿಸೋಕಾಗದೆ ವಾಪಸ್ ಬರುತ್ತಾನೆ. ಆಗ ಲಾರೆನ್ಸ್ ಹೌಹಾರಿ, ಆ ಕಾಗದ 'ನೈಸ್' ಆಗಿರಲಿಲ್ಲ ಅನ್ನುತ್ತಾನೆ. ಇವತ್ತಿನ ಹುಡುಗರು ಓದಿದರೆ ಕಾಗದದಲ್ಲಿ ಏನೋ ಕೆಟ್ಟದಾಗಿ ಬರೆದಿದ್ದ ಅಂದುಕೊಳ್ಳಬೇಕು. ಅವನು ಹೇಳಿದ್ದು, ಅದು ಕ್ಷುಲ್ಲಕ ವಿಷಯದ ಕಾಗದ ಅಲ್ಲಪ್ಪಾ, ಬಹಳ ತೂಕದ್ದು ಅಂತ. ಸಣ್ಣದು, ಲೆಕ್ಕಕ್ಕಿಲ್ಲದ್ದು ಅನ್ನೋ ಅರ್ಥವೂ ನೈಸ್‌ಗೆ ಇತ್ತು!

1667ರಲ್ಲಿ ಬಂದ ಮಿಲ್ಟನ್ನನ ಪ್ಯಾರಡೈಸ್ ಲಾಸ್ಟ್ ಕಾವ್ಯದಲ್ಲಿ ದೇವದೂತ ರಫಾಯಲ್ ಆಡಮ್ಮನ ಮನೆಗೆ ಊಟಕ್ಕೆ ಬರುತ್ತಾನೆ. ನಾವು ಮನುಷ್ಯರು ತಿನ್ನೋದು ಇವನಿಗೆ ರುಚಿಸುತ್ತೋ ಇಲ್ಲವೋ ಅಂತ ಆಡಮ್ಮನಿಗೆ ಅಳುಕು. ರಫಾಯಲ್ ಹೇಳುವುದು, ತಿನ್ನೋ ವಿಷಯದಲ್ಲಿ ನಾನು 'ನೈಸ್' ಆಗಿರುತ್ತೇನೆ ಅಂದುಕೋಬೇಡ ಅಂತ. ಅಂದರೆ ನನಗೆ ಮಡಿ ಮೈಲಿಗೆ ಏನಿಲ್ಲ, ಬಡಿಸು ಅಂತ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೊಡ್ಡ ನಿಘಂಟನ್ನು ಪ್ರಕಟಿಸಿದಾಗಲೂ ನೈಸ್‌ಗೆ ಮೊದಲು ಕೊಟ್ಟ ಅರ್ಥ ತೀರ ಕರಾರುವಾಕ್ಕಾದ ವಿವೇಚನೆ ಇರುವವನು ಅಂತಲೇ.

ಇನ್ನೊಂದು ಉದಾಹರಣೆ ನಮಗೆ ಗೊತ್ತಿರೋ ಮನುಷ್ಯನದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆಗಿ, 1815ರ ಜೂನ್ 18ರಂದು ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ಮಾರನೇ ದಿನ ಬ್ರಸೆಲ್ಸಿನಲ್ಲಿ ಥಾಮಸ್ ಕ್ರೀವಿ ಅನ್ನೋನು ಅವನನ್ನು ಕಂಡು ಮಾತಾಡಿಸಿ, ಆ ಮಾತುಕತೆಯನ್ನು ಬರೆದಿಟ್ಟ. ಅದರಲ್ಲಿ ವೆಲ್ಲಿಂಗ್ಟನ್ ಆ ಯುದ್ಧವನ್ನು ನೈಸ್ ಅನ್ನುತ್ತಾನೆ. ಹತ್ತಾರು ಸಾವಿರ ಜನ ಸತ್ತು, ಗಾಯಗೊಂಡು ಬಿದ್ದ ಮಾರನೇ ದಿನ ಯುದ್ಧ ಚೆನ್ನಾಗಿತ್ತು ಅಂದನಾ? ಇಲ್ಲ. ಕೂದಲೆಳೆಯಲ್ಲಿ ಪಾರಾದೆವು, ಆ ಕಡೆಗೂ ಹೋಗಬಹುದಿತ್ತು ಅಂದದ್ದು. ನನ್ನ ರಿವ್ಯೂ ಮಾಡಿದವರು ಬಳಸಿದ್ದೂ ಹೆಚ್ಚುಕಡಿಮೆ ಇದೇ ನೈಸ್. ಕೂದಲೆಳೆಯ ನೈಸ್.

ಈಗ ನನಗೆ ಬಹಳ ಇಷ್ಟವಾದ ಭಾಗ. ಜೇನ್ ಆಸ್ಟೆನ್ನಳ ನಾರ್ಥ್ಯಾಂಗರ್ ಆಬಿ ಕಾದಂಬರಿ. ಅವಳು ಸತ್ತ ಮೇಲೆ 1817ರ ಡಿಸೆಂಬರಿನಲ್ಲಿ ಅಚ್ಚಾಗಿ ಬಂತಾದರೂ ಬರೆದಿದ್ದು ಹದಿನೆಂಟನೇ ಶತಮಾನದ ಕೊನೆಯಲ್ಲಿ. ಅದರಲ್ಲಿ ಹದಿನೇಳರ ಹುಡುಗಿ ಕ್ಯಾಥರೀನ್ ಒಂದು ಪುಸ್ತಕವನ್ನು ಬಹಳ ಮೆಚ್ಚಿಕೊಂಡು, ಜಗತ್ತಿನಲ್ಲೇ ಅದಕ್ಕಿಂತ ನೈಸ್ ಪುಸ್ತಕ ಇಲ್ಲ ಅನ್ನೋ ಅರ್ಥದಲ್ಲಿ ಮಾತಾಡುತ್ತಾಳೆ. ಜೊತೆಗಿದ್ದ ಹೆನ್ರಿ ಟಿಲ್ನಿ ತಕ್ಷಣ ಕಾಲೆಳೆಯುತ್ತಾನೆ. ನೈಸ್ ಅಂದರೆ ಅಚ್ಚುಕಟ್ಟು, ಹಾಗಾದರೆ ಅದು ಬೈಂಡಿಂಗ್ ಮಾಡಿದವನ ಮೇಲೆ ಹೋಗುತ್ತೆ ಅಂತ. ಅಷ್ಟಕ್ಕೇ ಬಿಡೋದಿಲ್ಲ. ಈಗೀಗ ಜನ ಹವೆಗೂ ನೈಸ್, ತಿರುಗಾಟಕ್ಕೂ ನೈಸ್, ಹುಡುಗಿಯರಿಗೂ ನೈಸ್ ಅಂತಾರೆ, ಎಲ್ಲದಕ್ಕೂ ಅದೇ ಪದ ಆಗಿಹೋಗಿದೆ, ಮೂಲತಃ ಅದು ಬರೀ ಅಚ್ಚುಕಟ್ಟುತನಕ್ಕೆ, ನಾಜೂಕಿಗೆ ಬಳಸುತ್ತಿದ್ದ ಪದ ಅಂತ ಭಾಷಣ ಬಿಗಿಯುತ್ತಾನೆ. ಕೊನೆಗೆ ಅವನ ತಂಗಿಯೇ ಅವನನ್ನು ಗದರಿಸಿ ಕ್ಯಾಥರೀನಳ ಪರ ನಿಲ್ಲುತ್ತಾಳೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಟಿಲ್ನಿ ಹೇಳಿದ 'ಮೂಲತಃ' ಎಷ್ಟು ಮೂಲ? ನಾಜೂಕು ಅನ್ನೋ ಅರ್ಥ ಬರೋದಕ್ಕೆ ಮೊದಲೇ ನೈಸ್ ನೂರು ವರ್ಷ ದಡ್ಡನಾಗಿ ಓಡಾಡಿಕೊಂಡಿತ್ತು. ಚಾಸರ್ ಎದ್ದು ಬಂದಿದ್ದರೆ ಟಿಲ್ನಿಯನ್ನೇ ಹಿಡಿದು, ಏನಯ್ಯಾ, ನೈಸ್ ಅಂದರೆ ದಡ್ಡ ಅಲ್ಲವಾ, ಅದನ್ನೂ ಕೆಡಿಸಿಟ್ಟಿದ್ದೀಯಲ್ಲ ಅನ್ನುತ್ತಿದ್ದ. ಚಾಸರನನ್ನು ಯಾರೋ ಫ್ರೆಂಚರವನು ಹಿಡಿಯುತ್ತಿದ್ದ, ಫ್ರೆಂಚರವನನ್ನು ರೋಮಿನವನು. ಪ್ರತಿಯೊಬ್ಬ ಮೇಷ್ಟ್ರಿಗೂ ತಾನು ಕಲಿತ ಕಾಲದ ಅರ್ಥವೇ ಮೂಲ ಅರ್ಥ. ಅಲ್ಲಿಗೆ ಹಿಂದಿನದು ಗೊತ್ತಿರಲ್ಲ, ಮುಂದಿನದು ಸಹಿಸೋಕಾಗಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಿದೆ. 1926ರಲ್ಲಿ ಬಂದ ಫೌಲರ್ ಅನ್ನೋ ಪಂಡಿತನ ಇಂಗ್ಲಿಷ್ ಬಳಕೆಯ ಪ್ರಸಿದ್ಧ ಕೈಪಿಡಿಯಲ್ಲೂ ನೈಸ್ ಬಗ್ಗೆ ದೂರಿದೆ. ಹೆಂಗಸರು ಅತಿಯಾಗಿ ಮುದ್ದು ಮಾಡಿ ಆ ಪದದ ಕಸುವನ್ನೆಲ್ಲ ಕಳೆದರು ಅನ್ನೋದು ಅವನ ದೂರು. ಟಿಲ್ನಿ ಆಡಿಕೊಂಡಿದ್ದು ಹದಿನೇಳರ ಹುಡುಗಿಯನ್ನು. ಭಾಷೆ ಕೆಟ್ಟಿತು ಅನ್ನೋ ದೂರು ಯಾವಾಗಲೂ ಹೆಂಗಸರ ಮೇಲೆ, ಹುಡುಗರ ಮೇಲೆ, ಹಳ್ಳಿಯವರ ಮೇಲೆ, ಹೊಸದಾಗಿ ಕಲಿತವರ ಮೇಲೆ ಬೀಳುತ್ತದೆ. ಕೊನೆಗೆ ಉಳಿದಿದ್ದು ಯಾರ ಅರ್ಥ? ಕ್ಯಾಥರೀನಳದ್ದು. ಟಿಲ್ನಿಯ ನೈಸ್ ಇವತ್ತು ಡಿಕ್ಷನರಿಯ ಕೆಳಗಿನ ಸಾಲುಗಳಲ್ಲಿ, ವಕೀಲರ ವಾದದಲ್ಲಿ, ಇಂಗ್ಲೆಂಡಿನ ಹಿರಿಯರ ಕೋಡ್ ರಿವ್ಯೂನಲ್ಲಿ ಮಾತ್ರ ಉಸಿರಾಡ್ತಾ ಇದೆ.

ನೈಸ್‌ನ ಅಣ್ಣತಮ್ಮಂದಿರ ಕಥೆಯನ್ನೂ ಕೇಳಿ. ಅದೇ ನೆಸ್ಕಿಯುಸ್ ಸ್ಪ್ಯಾನಿಷ್ ಭಾಷೆಗೂ ಹೋಯ್ತು. ಅಲ್ಲಿ ಅದು 'ನೇಸಿಯೋ' ಆಗಿ ಇಂದಿಗೂ ಮೂರ್ಖ ಅನ್ನೋ ಅರ್ಥದಲ್ಲೇ ಉಳಿದಿದೆ. ಒಂದೇ ತಾಯಿಯ ಮಕ್ಕಳು, ಒಬ್ಬ ಊರು ಬಿಟ್ಟು ಹೋಗಿ ಸಾಹುಕಾರನಾದ, ಇನ್ನೊಬ್ಬ ದಡ್ಡನಾಗಿಯೇ ಉಳಿದ. ಇತ್ತ ಇಂಗ್ಲಿಷಿನ 'ಸಿಲ್ಲಿ' ಪೂರಾ ಉಲ್ಟಾ ದಾರಿ ಹಿಡಿಯಿತು. ಹಳೇ ಇಂಗ್ಲಿಷಿನಲ್ಲಿ ಅದಕ್ಕೆ ಧನ್ಯ, ದೇವರ ದಯೆಗೆ ಪಾತ್ರನಾದವನು ಅನ್ನೋ ಅರ್ಥ. ಧನ್ಯನಿಂದ ಅಮಾಯಕ, ಅಮಾಯಕನಿಂದ ಪಾಪದವನು, ಪಾಪದವನಿಂದ ಪೆದ್ದ. ನೈಸ್ ಮೆಟ್ಟಿಲು ಹತ್ತುವಾಗ ಸಿಲ್ಲಿ ಎದುರಿನಿಂದ ಇಳಿದು ಬರ್ತಾ ಇತ್ತು.

ನಮ್ಮಲ್ಲೂ ಇದು ಹೊಸದಲ್ಲ. 'ಮುಗ್ಧ' ಅನ್ನೋ ಪದ ನೋಡಿ. ಸಂಸ್ಕೃತದ 'ಮುಹ್' ಧಾತು, ಅಂದರೆ ದಿಕ್ಕುಗೆಡು, ಮಂಕಾಗು. ಅದರಿಂದಲೇ 'ಮೂಢ', ಅದರಿಂದಲೇ 'ಮುಗ್ಧ'. ಎರಡಕ್ಕೂ ಶುರುವಿನ ಅರ್ಥ ಒಂದೇ, ತಿಳಿವು ತಪ್ಪಿದವನು. ಆದರೆ ನಿಮ್ಮ ಮಗುವಿಗೆ ಮುಗ್ಧ ಮುಖ ಅಂದರೆ ನೀವು ಬೀಗ್ತೀರಿ, ಮೂಢ ಮುಖ ಅಂದರೆ ಜಗಳಕ್ಕೆ ಬರ್ತೀರಿ. ನೈಸ್ ಮತ್ತು ನೇಸಿಯೋ ಕಥೆಯೇ ಇದು. ಹಾಗೇ 'ಸಾಹಸ'. ಧರ್ಮಶಾಸ್ತ್ರಗಳಲ್ಲಿ ಅದು ಬಲಾತ್ಕಾರದ ಅಪರಾಧಗಳ ಹೆಸರು. ಈಗ ನಮ್ಮ ಸಿನಿಮಾ ಹೀರೋಗೆ ಸಾಹಸಿ ಅಂದರೆ ಶಿಳ್ಳೆ ಬೀಳುತ್ತೆ.

ಇನ್ನು ನೈಸ್ ಅಂತೂ ಕನ್ನಡಕ್ಕೆ ಬಂದು ಮನೆಮಗನೇ ಆಗಿಬಿಟ್ಟಿದೆ. ಅಮ್ಮ "ಹಿಟ್ಟು ಇನ್ನೂ ನೈಸಾಗಿ ರುಬ್ಬು" ಅಂದರೆ ಹಿತವಾಗಿ ರುಬ್ಬು ಅಂತಲ್ಲ, ತರಿತರಿ ಇಲ್ಲದ ಹಾಗೆ ಅಂತ. ಹೊಸ ಮನೆಯ ನೆಲ ನೈಸಾಗಿದೆ, ಜಾರಿಬಿದ್ದೀಯ ಜೋಕೆ. ಪಾರ್ಟಿ ಬಿಲ್ಲು ಕೊಡೋ ಹೊತ್ತಿಗೆ ಗೆಳೆಯ ನೈಸಾಗಿ ಜಾಗ ಖಾಲಿ ಮಾಡಿದ. ಮೇಷ್ಟ್ರಿಗೆ ನೈಸ್ ಹೊಡೆದು ಅಟೆಂಡೆನ್ಸ್ ಹಾಕಿಸಿಕೊಂಡ. ಈ ನಾಲ್ಕರಲ್ಲಿ ಒಂದನ್ನೂ ಲಂಡನ್ನಿನವನ ಹತ್ತಿರ ಹೀಗೇ ಹೇಳಿದರೆ ಅವನಿಗೆ ತಿಳಿಯಲ್ಲ. ನಮ್ಮಲ್ಲಿ ನಯ, ನುಣುಪು ಮೊದಲೇ ಇದ್ದವು. ನಯವಾದ ಬಟ್ಟೆಯೂ ಇತ್ತು, ನಯವಾಗಿ ಮಾತಾಡಿ ಟೋಪಿ ಹಾಕೋ ನಯವಂಚಕನೂ ಇದ್ದ. ನೈಸ್ ಬಂದು ನಯದ ಪಕ್ಕದಲ್ಲಿ ಕೂತು, ಅದರ ಎರಡೂ ಗುಣಗಳನ್ನು ಕಲಿತುಕೊಂಡ ಹಾಗಿದೆ. "ನೈಸಾಗಿ ರುಬ್ಬು ಅನ್ನೋದು ತಪ್ಪು ಇಂಗ್ಲಿಷು" ಅಂತ ನಾನೂ ಇಂಜಿನಿಯರಿಂಗ್ ಓದುವಾಗ ಅಮ್ಮನಿಗೆ ತಿದ್ದಿದ್ದೆ. ಅಮ್ಮ ಏನೂ ಅನ್ನದೆ ರುಬ್ಬೋದನ್ನು ಮುಂದುವರಿಸಿದ್ದಳು. ನನ್ನೊಳಗೂ ಒಬ್ಬ ಟಿಲ್ನಿ ಇದ್ದ ಅನ್ನೋದು ಈಗ ನೆನೆದರೆ ನಾಚಿಕೆಯಾಗುತ್ತೆ. ಅಮ್ಮ ಆಡಿದ್ದು ಇಂಗ್ಲಿಷೇ ಅಲ್ಲ, ಅಚ್ಚ ಕನ್ನಡ.

ನನ್ನ ವೃತ್ತಿಯವರಿಗೆ ಇನ್ನೊಂದು ನೈಸ್ ಗೊತ್ತಿರುತ್ತೆ. 1970ರ ದಶಕದ ಯುನಿಕ್ಸ್‌ನಿಂದ ಹಿಡಿದು ಇಂದಿನ ಲಿನಕ್ಸ್‌ವರೆಗೆ 'ನೈಸ್' ಅನ್ನೋ ಕಮಾಂಡ್ ಇದೆ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಮಿನ ನೈಸ್‌ತನ -20ರಿಂದ 19ರವರೆಗೆ ಇರಬಹುದು. ಸಂಖ್ಯೆ ಹೆಚ್ಚಿದಷ್ಟೂ ಆ ಪ್ರೋಗ್ರಾಮು ಬೇರೆಯವಕ್ಕೆ ದಾರಿ ಬಿಟ್ಟು ತಾನು ಹಿಂದೆ ಸರಿದು ನಿಲ್ಲುತ್ತೆ. ಸಂಖ್ಯೆ ಸೊನ್ನೆಗಿಂತ ಕೆಳಗಿಳಿದರೆ ಎಲ್ಲರನ್ನೂ ತಳ್ಳಿಕೊಂಡು ಮುಂದೆ ನುಗ್ಗುತ್ತೆ. ಸಾಮಾನ್ಯ ಬಳಕೆದಾರರು ತಮ್ಮ ಪ್ರೋಗ್ರಾಮನ್ನು ಹೆಚ್ಚು ನೈಸ್ ಮಾಡಬಹುದು, ಆದರೆ ಸೊನ್ನೆಗಿಂತ ಕೆಳಗಿಳಿಸೋ ಅಧಿಕಾರ ಮಾಮೂಲಾಗಿ ಸಿಸ್ಟಮ್ಮಿನ ಯಜಮಾನನಿಗೆ ಮಾತ್ರ. ಜಗತ್ತಿನ ನಿಯಮವನ್ನು ಇಷ್ಟು ಸ್ಪಷ್ಟವಾಗಿ ಬೇರೆ ಯಾವ ಡಿಕ್ಷನರಿಯೂ ಹೇಳಿಲ್ಲ!

ಆ ಭಾನುವಾರದ ವಿಷಯಕ್ಕೆ ವಾಪಸ್ ಬಂದರೆ, ತಪ್ಪು ಯಾರದ್ದು ಅಂತ ಎಷ್ಟೋ ದಿನ ತಲೆಕೆಡಿಸಿಕೊಂಡಿದ್ದೆ. ಅವರು ಬಳಸಿದ ಅರ್ಥ ಡಿಕ್ಷನರಿಯಲ್ಲಿ ಇದೆ. ನಾನು ತಿಳಿದುಕೊಂಡ ಅರ್ಥವೂ ಅದೇ ಪುಟದಲ್ಲಿದೆ. ಕನ್ನಡ ಮೀಡಿಯಮ್ಮಿನವನು ಅನ್ನೋ ಕೀಳರಿಮೆಯಿಂದ ಕೆಲವು ತಿಂಗಳು ನಾನು ಅವರ ಪ್ರತಿ ಸಾಲನ್ನೂ ಹೆದರಿ ಹೆದರಿ ಓದಿದೆ. ಈಗ ಅನ್ನಿಸೋದು, ಮೀಡಿಯಮ್ಮಿಗೂ ಇದಕ್ಕೂ ಸಂಬಂಧ ಇಲ್ಲ. ಆ ಕಾಮೆಂಟಿನ ಕೆಳಗೆ "ನೀವು ಹೇಳಿದ್ದು ಸರಿಯಾಗಿ ಗೊತ್ತಾಗಲಿಲ್ಲ, ಬಿಡಿಸಿ ಹೇಳ್ತೀರಾ" ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನನಗೆ ಗೊತ್ತಾಗಿಲ್ಲ ಅನ್ನೋದೇ ನನಗೆ ಗೊತ್ತಿರಲಿಲ್ಲ. ಲ್ಯಾಟಿನ್ನಿನವರ ಪ್ರಕಾರ ಅವತ್ತು ನಾನು ಅಪ್ಪಟ ನೈಸ್ ಆಗಿದ್ದೆ.

ಮೊನ್ನೆ ನಮ್ಮ ಟೀಮಿಗೆ ಗದಗಿನ ಕಡೆಯಿಂದ ಹೊಸ ಹುಡುಗಿಯೊಬ್ಬಳು ಸೇರಿದ್ದಾಳೆ. ಅವಳ ಕೋಡಿನಲ್ಲಿ ಇಂಥದ್ದೇ ಒಂದು ತೆಳ್ಳಗಿನ ವ್ಯತ್ಯಾಸ ಕಂಡಿತು. ಬೆರಳು ಅಭ್ಯಾಸಬಲದಿಂದ ಇಂಗ್ಲಿಷಿನ ಆ ನಾಲ್ಕಕ್ಷರಗಳನ್ನು ಟೈಪ್ ಮಾಡಿತು. ಅಳಿಸಿ, ಅವಳ ಸೀಟಿನ ಹತ್ತಿರ ಹೋಗಿ ಕನ್ನಡದಲ್ಲೇ ಬಿಡಿಸಿ ಹೇಳಿ ಬಂದೆ.

ನಿಮಗೂ ಹೀಗೆ ಕೈಕೊಟ್ಟ ಪದಗಳಿದ್ದರೆ ಹೇಳಿ. ನಿಮ್ಮೂರಿನ ಕಡೆ ನೈಸ್‌ಗೆ ಬೇರೆ ಅರ್ಥ ಏನಾದರೂ ಇದ್ದರೆ ಅದನ್ನೂ ತಿಳಿಸಿ, ಪಟ್ಟಿಗೆ ಸೇರಿಸಿಕೊಳ್ತೀನಿ.